ಬಣ್ಣ ಬಳಿಸೋ ಮುಂಚೆ ಮಳೇಲಿ ಮನೆ ಸುತ್ತ ಒಂದು ರೌಂಡ್ ಹೊಡೀರಿ

ಹಳೇ ಕಟ್ಟಡನ ಕಮ್ಮಿ ಕರೆಂಟಲ್ಲಿ ನಡೆಯೋ ಮನೆ ಮಾಡ್ಕೊಳ್ಳೋ ಬಗ್ಗೆ ಪ್ರಶ್ನೆ ಕಳ್ಸಿ ಅಂತ ಹೋದ ಸಂಚಿಕೇಲಿ ಕೇಳಿದ್ದೆ. ಬಂದಿರೋ ಪತ್ರದಲ್ಲಿ ಅರ್ಧಕ್ಕರ್ಧ ಜನ ಕೇಳಿರೋದು ಒಂದೇ, ಯಾವ ಮೆಷಿನ್ ತಗೊಳ್ಳಲಿ, ಯಾವ ಪ್ಯಾನೆಲ್ ಹಾಕಿಸಲಿ ಅಂತ. ಮೆಷಿನ್ ವಿಷ್ಯಕ್ಕೆ ಕೊನೇಲಿ ಬರ್ತೀನಿ, ಬೈಕೋಬೇಡಿ. ಮನೆ ಒಳಗೆ ನೀರು ನುಗ್ತಾ ಇದ್ರೆ, ಸಂದುಗೊಂದೀಲಿ ಗಾಳಿ ಸೋರ್ತಾ ಇದ್ರೆ ಮೆಷಿನ್ ತಗೊಂಡು ಏನ್ ಮಾಡ್ತೀರಿ.

ಪ್ರಶ್ನೆ: ಮೇಡಂ, ನಾವು ಗಂಡ ಹೆಂಡ್ತಿ, ಇಬ್ರು ಮಕ್ಳು, ಜೊತೇಲಿ ನಮ್ಮತ್ತೆ. ಹಳೇ ಎರಡಂತಸ್ತಿನ ಇಟ್ಟಿಗೆ ಕಟ್ಟಡ ತಗೊಂಡಿದೀವಿ, ಮುಂಚೆ ಗೋಡೌನ್ ಆಗಿತ್ತಂತೆ. ನೋಡಿದೋರೆಲ್ಲ ಕೆಡವಿ ಹೊಸದಾಗಿ ಕಟ್ಸಿ, ಹಳೇದಕ್ಕೆ ದುಡ್ಡು ಹಾಕೋದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಂತಾರೆ. ಕೆಡವೋದಾ, ಉಳಿಸ್ಕೊಳ್ಳೋದಾ?

ಉತ್ತರ: ಹಾಗೆ ಹೇಳೋರಲ್ಲಿ ಎಷ್ಟು ಜನ ಮಹಡಿ ಹತ್ತಿ ತೊಲೆ ತುದಿ ಮುಟ್ಟಿ ನೋಡಿದಾರೆ ಅಂತ ಮೊದ್ಲು ಕೇಳಿ. ಗೇಟಲ್ಲೇ ನಿಂತು ಕೆಡವಿ ಅನ್ನೋದು ಸುಲಭ.

ಇಟ್ಟಿಗೆ ಸುಡೋಕೆ, ಸಿಮೆಂಟ್ ಮಾಡೋಕೆ, ಕಬ್ಬಿಣ ಕರಗಿಸೋಕೆ ಖರ್ಚಾಗಿರೋ ಬೆಂಕಿ ಎಲ್ಲ ಆ ಗೋಡೇಲಿ ಆಗ್ಲೇ ಸೇರ್ಹೋಗಿದೆ. ಕೆಡವಿದ್ರೆ ಅದು ಕಸ, ಹೊಸದಕ್ಕೆ ಮತ್ತೆ ಬೆಂಕಿ ಹಚ್ಬೇಕು. ಸಿಮೆಂಟ್ ಗೂಡಲ್ಲಿ ಸುಮಾರು 1450 ಡಿಗ್ರಿ ಬಿಸಿ ಬೇಕು, ಅದು ಸಾಲ್ದು ಅಂತ ಸುಣ್ಣದ ಕಲ್ಲು ಬೇಯುವಾಗ ಕಲ್ಲಿಂದಾನೇ ಕಾರ್ಬನ್ ಡೈಆಕ್ಸೈಡ್ ಬರತ್ತೆ, ಸಿಮೆಂಟ್ ಹೊಗೇಲಿ ಅರ್ಧಕ್ಕಿಂತ ಜಾಸ್ತಿ ಪಾಲು ಈ ಕಲ್ಲಿಂದು. ಪ್ರಪಂಚದ ಒಟ್ಟು ಕಾರ್ಬನ್ ಡೈಆಕ್ಸೈಡಲ್ಲಿ ಶೇಕಡಾ 7ರಿಂದ 8 ಸಿಮೆಂಟ್ ಕಡೆಯಿಂದ ಅಂತ ಲೆಕ್ಕ. ಹಾಗಾಗಿ ಹೊಸ ಮನೆ ಎಷ್ಟೇ ಕಮ್ಮಿ ಕರೆಂಟ್ ತಿಂದ್ರೂ ಕಟ್ಟುವಾಗ ಮಾಡಿದ ಹೊಗೆಯ ಸಾಲ ತೀರಿಸೋಕೇ ವರ್ಷಗಟ್ಟಲೆ ಹಿಡಿಯತ್ತೆ.

ಫ್ರಾನ್ಸಿನ ಬೋರ್ಡೋ ಊರಲ್ಲಿ 1960ರ ದಶಕದ ಮೂರು ದೊಡ್ಡ ಬಿಲ್ಡಿಂಗು, 530 ಮನೆ. ಲಕಾಟನ್ ಮತ್ತು ವಾಸಲ್ ಅನ್ನೋ ಆರ್ಕಿಟೆಕ್ಟ್ ಜೋಡಿ ಮತ್ತೆ ಅವರ ಜೊತೆಗಾರರು ಕೆಡವದೇನೇ, ಒಳಗಿದ್ದ ಜನಾನ ಹೊರಗೆ ಕಳಿಸ್ದೇನೇ, ಪ್ರತಿ ಮನೆಗೂ ಹೊರಗಡೆಯಿಂದ ಗಾಜಿನ ಪಡಸಾಲೆ ತರದ್ದು ಜೋಡಿಸಿದ್ರು. ಮನೆ ದೊಡ್ಡದಾಯ್ತು, ಚಳಿಗಾಲದಲ್ಲಿ ಬೆಚ್ಚಗೂ ಆಯ್ತು. 2017ಕ್ಕೆ ಕೆಲ್ಸ ಮುಗೀತು, 2021ರಲ್ಲಿ ಆ ಜೋಡಿಗೆ ಪ್ರಿಟ್ಜ್‌ಕರ್ ಬಹುಮಾನ ಬಂತು, ಆರ್ಕಿಟೆಕ್ಟ್ ಆದೋರಿಗೆ ಕೊಡೋ ದೊಡ್ಡ ಬಹುಮಾನ ಅದು. ನಿಮ್ಮ ಗೋಡೌನು ಅಷ್ಟು ದೊಡ್ಡದಲ್ಲ ಬಿಡಿ, ಆದ್ರೆ ಕೆಡವದೇನೂ ಆಗತ್ತೆ ಅಂತ ಗೊತ್ತಿರ್ಲಿ.

ಹಾಗಂತ ಕಣ್ಮುಚ್ಕೊಂಡು ಉಳಿಸ್ಕೊಳ್ಳಿ ಅಂತಿಲ್ಲ. ಒಂದು ಸ್ಕ್ರೂಡ್ರೈವರ್ ತಗೊಂಡು ತೊಲೆ ಗೋಡೆ ಒಳಗೆ ಹೋಗೋ ಜಾಗದಲ್ಲಿ ಒತ್ತಿ ನೋಡಿ, ನಡುವೆ ಅಲ್ಲ, ತುದೀಲಿ. ಮರ ಕೊಳೆಯೋದು ಅಲ್ಲೇ, ಗೆದ್ದಲು ಹತ್ತೋದೂ ಅಲ್ಲೇ. ಟಕ್ ಅಂತ ನಿಂತ್ರೆ ಸರಿ, ಬೆಣ್ಣೇಲಿ ಇಳಿದಂಗೆ ಇಳಿದ್ರೆ ಆ ತುದಿ ಹೋಗಿದೆ ಅಂತ ಅರ್ಥ, ಆದ್ರೂ ಇಡೀ ತೊಲೆ ಎಸೀಬೇಕು ಅಂತಿಲ್ಲ, ಒಳ್ಳೇ ಬಡಗಿ ಕೊಳೆತಿರೋದನ್ನ ಕತ್ತರಿಸಿ ಹೊಸ ಮರ ಕೂಡಿಸ್ತಾನೆ. ಬಿರುಕು ಇದ್ರೆ ಅದರ ಮೇಲೆ ಅಡ್ಡಡ್ಡ ಒಂದು ಚಿಕ್ಕ ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದು ಆರು ತಿಂಗ್ಳು ಬಿಡಿ. ಗಾಜು ಒಡೀಲಿಲ್ಲ ಅಂದ್ರೆ ಬಿರುಕು ಹಳೇದು, ಸುಮ್ನೆ ಕೂತಿದೆ. ಒಡೀತು ಅಂದ್ರೆ ಗೋಡೆ ಇನ್ನೂ ಅಲ್ಲಾಡ್ತಿದೆ, ಆಗ ಸ್ಟ್ರಕ್ಚರಲ್ ಇಂಜಿನಿಯರ್ ಬರ್ಲೇಬೇಕು, ನನ್ನ ಅಂಕಣ ಓದಿ ತೀರ್ಮಾನ ಮಾಡೋ ವಿಷ್ಯ ಅಲ್ಲ ಅದು. ಆರು ತಿಂಗ್ಳು ಯಾರು ಕಾಯ್ತಾರೆ ಮೇಡಂ ಅಂತೀರಿ, ನಂಗೊತ್ತು. ಆ ಆರು ತಿಂಗಳಲ್ಲಿ ಮಾಡೋ ಕೆಲ್ಸ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಅಕ್ಕಾ, ನಮ್ಮದು ಹಳೇ ಮನೆ, ದಪ್ಪ ಗೋಡೆ. ಕೆಳಗಡೆ ಮೂರಡಿ ತನಕ ಯಾವಾಗ್ಲೂ ಥಂಡಿ, ಬಣ್ಣ ಉಬ್ಬಿ ಉಬ್ಬಿ ಉದುರತ್ತೆ. ಮೂರು ಸಲ ಪೇಂಟ್ ಮಾಡ್ಸಿದ್ವಿ, ಕೊನೇ ಸಲ ವಾಟರ್‌ಪ್ರೂಫ್ ಕೋಟಿಂಗೂ ಹೊಡ್ಸಿದ್ವಿ. ಈಗ ಸಿಮೆಂಟ್ ಪ್ಲಾಸ್ಟರ್ ಗಟ್ಟಿಯಾಗಿ ಹಾಕ್ಸಿ ಅಂತ ಮೇಸ್ತ್ರಿ ಹೇಳ್ತಿದಾರೆ. ಹಾಕ್ಸೋದಾ?

ಉತ್ತರ: ಬೇಡ. ದಯವಿಟ್ಟು ಬೇಡ. ಇದನ್ನ ನಾನು ಸ್ವಂತ ದುಡ್ಡು ಕಳ್ಕೊಂಡು ಕಲ್ತಿದೀನಿ, ಹೇಳ್ತೀನಿ ಕೇಳು.

ನಮ್ಮ ಹಳೇ ಮನೇಗೆ ಹೋದ ಹೊಸದ್ರಲ್ಲಿ ನಾನೂ ಇದನ್ನೇ ಮಾಡ್ಸಿದೆ. ಇಂಜಿನಿಯರಿಂಗ್ ಓದಿದ ತಲೆ ಬೇರೆ, ಯಾರ್ ಮಾತೂ ಕೇಳೋ ಹಾಗಿರ್ಲಿಲ್ಲ. ಕೆಳಗಿನ ನಾಲ್ಕಡಿ ಹಳೇ ಗಾರೆ ಕೆತ್ತಿಸಿ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಎಣ್ಣೆ ಪೇಂಟು. ಮೊದಲ ವರ್ಷ ಗೋಡೆ ಕನ್ನಡಿ ಹಾಗಿತ್ತು, ಬಂದೋರಿಗೆಲ್ಲ ತೋರಿಸ್ಕೊಂಡು ಮೆರೆದೆ. ಎರಡನೇ ಮಳೆಗಾಲ ಮುಗೀತಿದ್ದ ಹಾಗೆ ಸಿಮೆಂಟ್ ಮುಗಿಯೋ ಗೆರೆಯಿಂದ ಸರಿಯಾಗಿ ಒಂದಡಿ ಮೇಲೆ ಕಂದು ಪಟ್ಟಿ ಎದ್ದಿತ್ತು. ನೀರು ಎಲ್ಲೂ ಹೋಗಿರ್ಲಿಲ್ಲ, ಆರೋಕೆ ದಾರಿ ಇಲ್ದೆ ಮೇಲೆ ಹತ್ತಿತ್ತು ಅಷ್ಟೆ. ಉಳಿ ಹಾಕಿ ಒಂದು ಕಡೆ ಎಬ್ಬಿಸಿದ್ರೆ ಸಿಮೆಂಟು ಕಲ್ಲು ಚಪ್ಪಡಿ ಹಾಗೆ ಇಡಿಯಾಗಿ ಬಂತು, ಅದರ ಬೆನ್ನಿಗೆ ಬಿಳೀ ಉಪ್ಪು ಹಿಟ್ಟಿನ ಹಾಗೆ ಅಂಟಿತ್ತು, ಹಿಂದಿದ್ದ ಇಟ್ಟಿಗೆ ಬೆರಳಲ್ಲಿ ಉಜ್ಜಿದ್ರೆ ಪುಡಿ ಪುಡಿ. ಪ್ಲಾಸ್ಟರ್ ಚೆನ್ನಾಗಿತ್ತು, ಗೋಡೆ ಹೋಗಿತ್ತು.

ಕಾರಣ ಏನಂದ್ರೆ, ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಲ್ಲಿ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ತಗೊಂಡಿದ್ದೇ 1824ರಲ್ಲಿ, ಅದು ಎಲ್ಲಾ ಕಡೆ ಹಬ್ಬೋಕೆ ಇನ್ನೂ ಎಷ್ಟೋ ಕಾಲ ಹಿಡೀತು. ಅದಕ್ಕೂ ಮುಂಚಿನ ರೀತೀಲಿ ಕಟ್ಟಿದ ಗೋಡೆ ಅಂದ್ರೆ ಮಣ್ಣು ಇಲ್ಲಾ ಸುಣ್ಣದ ಗಾರೆ. ಆ ಗೋಡೆ ನೀರನ್ನ ತಡೆಯಲ್ಲ, ಸ್ವಲ್ಪ ಕುಡಿಯತ್ತೆ, ಬಿಸಿಲು ಗಾಳಿ ಬಂದಾಗ ಬಿಡತ್ತೆ. ಅದಕ್ಕೆ ಸಿಮೆಂಟ್ ಹಾಕೋದು ಬೆವರೋ ಮೈಗೆ ಪ್ಲಾಸ್ಟಿಕ್ ಅಂಗಿ ತೊಡಿಸಿದಂಗೆ. ಇನ್ನೊಂದು ವಿಷ್ಯ, ಒದ್ದೆ ಗೋಡೆ ಒಣಗಿದ ಗೋಡೆಗಿಂತ ಜಾಸ್ತಿ ಶಾಖ ಬಿಟ್ಕೊಡತ್ತೆ. ಹಾಗಾಗಿ ಥಂಡಿ ಹೋಗ್ಸೋದೇ ಮೊದಲನೇ ಎನರ್ಜಿ ಉಳಿತಾಯ, ಅದನ್ನ ಯಾರೂ ಹಾಗೆ ಲೆಕ್ಕ ಹಾಕಲ್ಲ.

ನೀನೀಗ ಮಾಡ್ಬೇಕಾಗಿರೋದು ಇಷ್ಟೇ, ಜೋರು ಮಳೆ ಬರುವಾಗ ಕೊಡೆ ಹಿಡ್ಕೊಂಡು ಮನೆ ಸುತ್ತ ಒಂದು ರೌಂಡ್ ಹೊಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. 100 ಚದರ ಮೀಟರ್ ಮಾಡಿನ ಮೇಲೆ 20 ಮಿಲಿಮೀಟರ್ ಬಿದ್ರೆ 2000 ಲೀಟರ್ ಆಯ್ತಲ್ಲ, ಅದು ಎಲ್ಲಿಗೆ ಹೋಗ್ತಿದೆ ಅಂತ ಕಣ್ಣಾರೆ ನೋಡು. ನಮ್ಮ ಮನೇಲಿ ಕೆಳಗೆ ಇಳಿಯೋ ಪೈಪಿನ ಬೆಂಡ್ ಹಿಂಭಾಗದಲ್ಲಿ ಸೀಳಿತ್ತು, ಮುಂದಿಂದ ನೋಡಿದ್ರೆ ಏನೂ ಕಾಣ್ತಿರ್ಲಿಲ್ಲ, ಮಳೇಲಿ ನೋಡಿದ್ರೆ ಕಾಲು ಭಾಗ ನೀರು ಗೋಡೆಗೇ ಇಳೀತಿತ್ತು. ಸಾಲ್ದು ಅಂತ ನಾನೇ ಆಸೆಪಟ್ಟು ಗೋಡೆಗೆ ಒತ್ತಿ ಹೂವಿನ ಪಾತಿ ಮಾಡಿದ್ದೆ, ಅದರ ಮಣ್ಣು ಒಳಗಿನ ನೆಲಕ್ಕಿಂತ ಮುಕ್ಕಾಲಡಿ ಎತ್ತರಕ್ಕಿತ್ತು! ಬೆಂಡ್ ಬದಲಾಯ್ಸಿ ಪಾತಿ ತೆಗೆದು ನೀರು ದೂರಕ್ಕೆ ಹೋಗೋ ಹಾಗೆ ಇಳಿಜಾರು ಕೊಟ್ಟಿದ್ದಕ್ಕೆ ಮುಕ್ಕಾಲು ಸಮಸ್ಯೆ ಹೋಯ್ತು.

ಆಮೇಲೆ ಸಿಮೆಂಟ್ ತೆಗ್ಸಿ ಗೋಡೇನ ಬೆತ್ತಲೆ ಬಿಡ್ಬೇಕು. ಅಂದಾಜಿಗೆ ಒಂದಿಂಚು ದಪ್ಪ ಒಣಗೋಕೆ ಒಂದು ತಿಂಗಳು ಅಂತಾರೆ, ಒಂಬತ್ತಿಂಚಿನ ಗೋಡೆ ಅಂದ್ರೆ ನೀನೇ ಲೆಕ್ಕ ಹಾಕು. ಬಿಳೀ ಉಪ್ಪು ಬಂದಾಗ ಒಣ ಬ್ರಶ್ಶಲ್ಲಿ ಉಜ್ಜಿ ತೆಗಿ, ನೀರಲ್ಲಿ ತೊಳೀಬೇಡ, ತೊಳೆದ್ರೆ ವಾಪಸ್ ಒಳಗೆ ಹೋಗತ್ತೆ. ಕೊನೇಗೆ ಸುಣ್ಣದ ಗಾರೆ, ಮೇಲೆ ಸುಣ್ಣದ ಬಣ್ಣ. ಸುಣ್ಣದ ಕಲ್ಲು ಸುಡೋಕೆ ಸುಮಾರು 900 ಡಿಗ್ರಿ ಸಾಕು, ಗಾರೆ ಗಟ್ಟಿಯಾಗುವಾಗ ಗಾಳೀಲಿರೋ ಕಾರ್ಬನ್ ಡೈಆಕ್ಸೈಡನ್ನ ಸ್ವಲ್ಪ ಸ್ವಲ್ಪಾನೇ ವಾಪಸ್ ಎಳ್ಕೊಳ್ಳತ್ತೆ ಕೂಡ. ಮೇಸ್ತ್ರಿಗೆ ಸುಣ್ಣದ ಕೆಲ್ಸ ಬರಲ್ಲ ಅಂದ್ರೆ ಬರೋರನ್ನ ಹುಡುಕು, ಸುಣ್ಣಕ್ಕೇ ಸಿಮೆಂಟ್ ಬೆರೆಸ್ತೀನಿ ಗಟ್ಟಿ ಬರತ್ತೆ ಅಂತ ಹೇಳೋರು ಸಿಗ್ತಾರೆ, ಅವ್ರಿಗೆ ಕೈ ಮುಗಿದು ಕಳ್ಸು.

ಒಂದು ಅನುಮಾನ ಪರಿಹಾರ ಮಾಡ್ಕೊ. ಗೋಡೆಗೆ ಒಂದು ತುಂಡು ಅಲ್ಯೂಮಿನಿಯಂ ಫಾಯಿಲ್ ನಾಲ್ಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡು. ಫಾಯಿಲ್ ಹಿಂದೆ ಹನಿ ಇದ್ರೆ ನೀರು ಗೋಡೆ ಒಳಗಿಂದು. ಮೇಲ್ಮೈಲಿ ಹನಿ ಇದ್ರೆ ಅದು ಕೋಣೆ ಗಾಳೀದು, ಹಾಗಿದ್ರೆ ಮುಂದಿನ ಉತ್ತರ ನಿಂಗೂ ಸೇರಿ.

ಪ್ರಶ್ನೆ: ನಮ್ಮ ಕಡೆ ಚಳಿ ಜಾಸ್ತಿ. ಮನೇಲಿ ಹಳೇ ಮರದ ಕಿಟಕಿ ಒಟ್ಟು 14 ಇದೆ. ಎಲ್ಲಾ ಕಿತ್ತು ಡಬಲ್ ಗ್ಲಾಸ್ ಹಾಕ್ಸಿದ್ರೆ ಹೀಟರ್ ಖರ್ಚು ಅರ್ಧ ಆಗತ್ತೆ ಅಂತ ಕಿಟಕಿ ಮಾರೋರು ಹೇಳ್ತಾರೆ. ನಿಜಾನಾ?

ಉತ್ತರ: ಕಿಟಕಿ ಮಾರೋರು ಕಿಟಕಿ ಅಂತಾರೆ, ಅದರಲ್ಲಿ ತಪ್ಪೇನಿಲ್ಲ. ನಾವು ಒಂದು ಕಾಗದ ತಗೊಂಡು ಲೆಕ್ಕ ಹಾಕೋಣ.

ಒಂದು ಚದರ ಮೀಟರಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ರೆ ಎಷ್ಟು ವಾಟ್ ಶಾಖ ಹೊರಗೆ ಹೋಗತ್ತೆ ಅನ್ನೋದನ್ನ ಯು ವ್ಯಾಲ್ಯೂ ಅಂತಾರೆ. ಒಂಟಿ ಗಾಜಿಗೆ ಅದು ಸುಮಾರು 5.8, ಸಾದಾ ಡಬಲ್ ಗ್ಲಾಸಿಗೆ 2.8. ಕಿಟಕಿ ಒಂದೂವರೆ ಚದರ ಮೀಟರ್ ಅಂತಿಟ್ಕೊಳ್ಳಿ, ಒಳಗೆ 20 ಡಿಗ್ರಿ, ಹೊರಗೆ ಸೊನ್ನೆ. ಒಂದು ಕಿಟಕೀಲಿ 174 ವಾಟ್ ಹೋಗ್ತಿದ್ದಿದ್ದು 84ಕ್ಕೆ ಇಳೀತು, 90 ವಾಟ್ ಉಳೀತು, ಹದಿನಾಲ್ಕರಿಂದ 1260 ವಾಟ್. ಚೆನ್ನಾಗೇ ಇದೆ. ಈಗ ಮೇಲಿನ ಮಾಡು ನೋಡಿ. 60 ಚದರ ಮೀಟರ್ ಮಾಡು, ಕೆಳಗೆ ಬರೀ ಹಲಗೆ ಸೀಲಿಂಗು, ಯು ವ್ಯಾಲ್ಯೂ ಅಂದಾಜು 2 ಅಂದ್ರೂ 2400 ವಾಟ್ ಮೇಲಕ್ಕೆ ಹಾರ್ಹೋಗ್ತಿದೆ. ಅಟ್ಟದ ಮೇಲೆ 15 ಸೆಂಟಿಮೀಟರ್ ಕಲ್ಲುಣ್ಣೆ (ಕಲ್ಲು ಕರಗಿಸಿ ಮಾಡಿದ ಉಣ್ಣೆ ತರದ್ದು) ಇಲ್ಲಾ ಸೆಲ್ಯುಲೋಸ್ (ಕಾಗದದ ನಾರು) ಹಾಸಿದ್ರೆ ಅದು ಸುಮಾರು 300ಕ್ಕೆ ಬರತ್ತೆ. ಉಳಿದಿದ್ದು 2100, ಅದೂ 14 ಕಿಟಕಿ ಕಿತ್ತು ಹೊಸದು ಕೂರಿಸೋದಕ್ಕಿಂತ ಎಷ್ಟೋ ಕಮ್ಮಿ ಖರ್ಚಲ್ಲಿ, ಎರಡೇ ದಿನದ ಕೆಲ್ಸ. ಅಟ್ಟದಲ್ಲಿ ಅಜ್ಜನ ಕಾಲದ ಟ್ರಂಕು ಇದ್ರೆ ಅದನ್ನ ಇಳಿಸೋ ಜಗಳಕ್ಕೆ ಇನ್ನೊಂದು ದಿನ.

ಹಳೇ ಮರದ ಕಿಟಕಿ ಗಟ್ಟಿ ಇದ್ರೆ ಕೀಳ್ಬೇಡಿ. ಚೌಕಟ್ಟಿಗೂ ರೆಕ್ಕೆಗೂ ನಡುವೆ ರಬ್ಬರ್ ಪಟ್ಟಿ, ಒಳಗಡೆಯಿಂದ ಇನ್ನೊಂದು ತೆಳು ಗಾಜಿನ ಚೌಕಟ್ಟು, ರಾತ್ರಿ ದಪ್ಪ ಪರದೆ. ಗಾಳಿ ಇರೋ ದಿನ ಊದುಬತ್ತಿ ಹಚ್ಕೊಂಡು ಕಿಟಕಿ ಅಂಚು, ಬಾಗ್ಲ ಕೆಳಗೆ, ಸ್ವಿಚ್ ಬೋರ್ಡ್ ಹತ್ರ ಎಲ್ಲಾ ಹಿಡೀತಾ ಹೋಗಿ, ಹೊಗೆ ಎಲ್ಲಿ ಅಡ್ಡ ತಿರುಗತ್ತೋ ಅಲ್ಲಿ ಚಾಕ್‌ಪೀಸಲ್ಲಿ ಗುರುತು ಹಾಕಿ. ಇದನ್ನೇ ದೊಡ್ಡದಾಗಿ ಮಾಡೋರು ಬಾಗಿಲಿಗೆ ಫ್ಯಾನ್ ಕೂರ್ಸಿ 50 ಪ್ಯಾಸ್ಕಲ್ ಒತ್ತಡ ಕೊಟ್ಟು ಅಳೀತಾರೆ. ಜರ್ಮನಿಯ ಡಾರ್ಮ್‌ಸ್ಟಾಟಲ್ಲಿ 1991ರಲ್ಲಿ ಮೊದಲ ಪ್ಯಾಸಿವ್ ಹೌಸ್, ಅಂದ್ರೆ ಹೀಟರ್ ಹೆಚ್ಚುಕಮ್ಮಿ ಬೇಡದ ಮನೆ, ಕಟ್ಟಿದ್ರು, ಆ ಮಾನದಂಡದ ಪ್ರಕಾರ ಹೊಸ ಮನೇಲಿ ಆ ಒತ್ತಡದಲ್ಲಿ ಗಂಟೆಗೆ ಮನೆ ಗಾಳಿಯ 0.6 ಪಟ್ಟು ಮಾತ್ರ ಸೋರಬಹುದು. ಹಳೇ ಮನೆ ರಿಪೇರಿಗೆ ಅಂತಾನೇ ಎನರ್‌ಫಿಟ್ ಅಂತ ಬೇರೆ ಮಾಡಿದಾರೆ, ಅದರಲ್ಲಿ 1 ಪಟ್ಟು ಒಪ್ಕೋತಾರೆ. ಹಳೇ ಗೋಡೆ ಹಠಮಾರಿ ಅಂತ ಅವ್ರಿಗೂ ಗೊತ್ತು.

ಈಗ ಎಡವೋ ಜಾಗ. ಸಂದೆಲ್ಲ ಮುಚ್ಚಿ ಕೂತ್ರೆ ಬೂಷ್ಟು ಬರತ್ತೆ. ನಾಲ್ಕು ಜನರ ಸಂಸಾರ ಉಸಿರು, ಸ್ನಾನ, ಅಡುಗೆ, ಒಳಗೇ ಒಣಗೋ ಬಟ್ಟೆ ಎಲ್ಲ ಸೇರಿ ದಿನಕ್ಕೆ ಸುಮಾರು 10 ಲೀಟರ್ ನೀರನ್ನ ಗಾಳಿಗೆ ಸೇರಿಸತ್ತೆ. 20 ಡಿಗ್ರಿ, ಶೇಕಡಾ 60 ತೇವ ಇರೋ ಗಾಳಿ 12 ಡಿಗ್ರಿಗಿಂತ ತಣ್ಣಗಿರೋ ಯಾವ ಜಾಗ ಮುಟ್ಟಿದ್ರೂ ಹನಿ ಕಟ್ಟತ್ತೆ. ಬೀರು ಹಿಂದಿನ ಮೂಲೇಲಿ ಕರೀ ಚುಕ್ಕಿ ಬರೋದು ಅದಕ್ಕೇ. ಬಚ್ಚಲು, ಅಡುಗೆಮನೇಲಿ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು, ಶಕ್ತಿ ಇದ್ರೆ ಹೋಗೋ ಗಾಳಿಯ ಬಿಸೀನ ಬರೋ ಗಾಳಿಗೆ ದಾಟಿಸೋ ವೆಂಟಿಲೇಟರ್ ಹಾಕ್ಸಿ. ಮತ್ತೆ ಗೋಡೆಗೆ ಒಳಗಡೆಯಿಂದ ದಪ್ಪ ಥರ್ಮೋಕೋಲ್ ಹೊಡೆಸೋ ಮುಂಚೆ ನೂರು ಸಲ ಯೋಚಿಸಿ, ಆಗ ಗೋಡೆ ಪೂರ್ತಿ ತಣ್ಣಗಾಗಿ ಒಳಗಿರೋ ತೊಲೆ ತುದೀಲಿ ಹನಿ ಕೂತು ಕೊಳೆಯತ್ತೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆಯ ಯು ವ್ಯಾಲ್ಯೂ 2ರ ಹತ್ರ, 10 ಸೆಂಟಿಮೀಟರ್ ಇನ್ಸುಲೇಶನ್, ಅಂದ್ರೆ ಶಾಖ ತಡೆಯೋ ಹೊದಿಕೆ, ಅದನ್ನ 0.33ಕ್ಕೆ ತರತ್ತೆ, ಆಸೆ ಹುಟ್ಟಿಸೋ ನಂಬರೇ. ಆದ್ರೆ ಸಾಧ್ಯ ಇದ್ದಷ್ಟೂ ಹೊರಗಡೆಯಿಂದ ಹೊದಿಸಿ, ಒಳಗಿಂದಾನೇ ಆಗ್ಬೇಕಂದ್ರೆ ಆವಿ ದಾಟೋಕೆ ಬಿಡೋ ಮರದ ನಾರಿನ ಹಲಗೆ ತರದ್ದು ತಗೊಂಡು ಗೊತ್ತಿರೋರ ಹತ್ರ ಮಾಡ್ಸಿ.

ಪ್ರಶ್ನೆ: ನಮ್ಗೆ ಉಲ್ಟಾ ಮೇಡಂ, ಮೇಲಿನ ಮಹಡಿ ಬೇಸಗೇಲಿ ಒಲೆ. ಎಸಿ ಇಲ್ದೆ ಆಗತ್ತಾ?

ಉತ್ತರ: ಪೂರ್ತಿ ಇಲ್ದೆ ಆಗತ್ತೋ ಇಲ್ವೋ ನಿಮ್ಮ ಕಡೆ ಸೆಕೆ ಮೇಲೆ ಹೋಗತ್ತೆ, ಅರ್ಧ ಕಮ್ಮಿ ಅಂತೂ ಮಾಡ್ಬಹುದು. ಮೊದ್ಲು ತಾರಸಿಗೆ ಬಿಳೀ ಬಣ್ಣ. ಹೊಸ ಬಿಳೀ ಮೇಲ್ಮೈ ಬಿಸಿಲಿನ ಸುಮಾರು ಶೇಕಡಾ 80ರಷ್ಟನ್ನ ವಾಪಸ್ ಕಳಿಸತ್ತೆ, ಕಪ್ಪು ಹಿಡಿದ ತಾರಸಿ ಬಹುಪಾಲು ನುಂಗತ್ತೆ. ಧೂಳು ಪಾಚಿ ಕೂತ್ರೆ ಆ ಗುಣ ಕಮ್ಮಿ ಆಗತ್ತೆ, ಆಗಾಗ ತೊಳೀಬೇಕು, ಅದನ್ನ ಬಣ್ಣದ ಡಬ್ಬಿ ಮೇಲೆ ದೊಡ್ಡದಾಗಿ ಬರೆಯಲ್ಲ. ಬಿಸಿಲನ್ನ ಕಿಟಕಿ ಹೊರಗೇ ತಡೀರಿ, ಸಜ್ಜಾ, ಬಿದಿರು ತಟ್ಟಿ, ಬಳ್ಳಿ ಯಾವುದಾದ್ರೂ ಸರಿ. ಒಳಗೆ ಪರದೆ ಎಳೆದ್ರೆ ಗಾಜು ದಾಟಿ ಬಂದ ಬಿಸಿ ಆಗ್ಲೇ ಮನೆ ಸೇರಿರತ್ತೆ. ದಪ್ಪ ಗೋಡೆ ನಿಮ್ಮ ಕಡೆಗಿದೆ, ಮಧ್ಯಾಹ್ನದ ಬಿಸೀನ ಅದು ಸಂಜೆ ರಾತ್ರಿ ತನಕ ತಡ ಮಾಡತ್ತೆ, ಅದನ್ನ ರಾತ್ರಿ ಹೊರಗೆ ಹಾಕಿ. ಕೆಳಗಿನ ಕಿಟಕಿ ತೆಗೀರಿ, ಮೆಟ್ಟಿಲ ಮೇಲಿರೋ ವೆಂಟಿಲೇಟರ್ ತೆಗೀರಿ, ಬಿಸಿ ಗಾಳಿ ಮೇಲಿಂದ ತಾನಾಗೇ ಹೋಗತ್ತೆ. ಬೆಳಿಗ್ಗೆ ಬಿಸಿಲೇರೋ ಮುಂಚೆ ಎಲ್ಲ ಮುಚ್ಚಿ. ಹಳೇ ಮನೆ ರಿಪೇರಿ ಮಾಡೋರು ಮೊದ್ಲು ಮುಚ್ಚೋದೇ ಆ ವೆಂಟಿಲೇಟರ್‌ಗಳನ್ನ, ಚೆನ್ನಾಗಿ ಕಾಣಲ್ಲ ಅಂತ. ನಂಗೆ ಅದನ್ನ ನೋಡಿದಾಗೆಲ್ಲ ಮೈ ಉರಿಯತ್ತೆ. ಆಮೇಲೆ ಫ್ಯಾನು, ಹಳೇ ಸೀಲಿಂಗ್ ಫ್ಯಾನ್ 75 ವಾಟ್ ಎಳೆಯತ್ತೆ, ಬಿಎಲ್‌ಡಿಸಿ ಅಂತ ಬರೋ ಬ್ರಶ್ ಇಲ್ಲದ ಮೋಟಾರಿನ ಫ್ಯಾನ್ ಆದ್ರೆ 30ರ ಆಸುಪಾಸು. ಎಸಿ ಇವೆಲ್ಲ ಆದ್ಮೇಲೆ, ಅದೂ ಒಂದೇ ರೂಮಿಗೆ.

ಪ್ರಶ್ನೆ: ಕಿಟಕಿ ಬಾಗಿಲಿಗೆ ಏಳೆಂಟು ಪದರ ಹಳೇ ಪೇಂಟ್ ಇದೆ, ಹಿಂದಿನ ಷೆಡ್ಡಿಗೆ ಹಳೇ ಸಿಮೆಂಟ್ ಶೀಟು. ರಜೇಲಿ ನಾನೂ ಮಕ್ಕಳೂ ಸೇರಿ ಉಜ್ಜಿ, ಶೀಟ್ ಒಡೆದು ಹಾಕೋಣ ಅಂತಿದೀವಿ. ಟಿಪ್ಸ್ ಇದ್ಯಾ?

ಉತ್ತರ: ಇದೆ, ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ, ನೀವೂ ನಿಲ್ಸಿ. ಹಳೇ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ತುಂಬಾ, ಅಮೆರಿಕಾದಲ್ಲಿ ಮನೆ ಪೇಂಟಿಗೆ ಅದನ್ನ ನಿಷೇಧಿಸಿದ್ದೇ 1978ರಲ್ಲಿ. ಒಣ ಉಪ್ಪುಕಾಗದದಲ್ಲಿ ಉಜ್ಜಿದ್ರೆ ಆ ಪುಡಿ ನೆಲ, ಆಟಿಕೆ, ಮಕ್ಕಳ ಬೆರಳು ಎಲ್ಲಾ ಕಡೆ. ಸೀಸಕ್ಕೆ ಇಷ್ಟು ಪರ್ವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳತ್ತೆ, ಮಕ್ಕಳ ಮೆದುಳಿಗೆ ಹೊಡೆತ ಅದು. ಮೊದ್ಲು ಟೆಸ್ಟ್ ಮಾಡ್ಸಿ. ಸೀಸ ಇದ್ದು ಪೇಂಟ್ ಗಟ್ಟಿಯಾಗಿದ್ರೆ ಮುಟ್ಟದೆ ಮೇಲೆ ಹೊಸ ಪೇಂಟ್ ಹೊಡೀರಿ, ತೆಗೀಲೇಬೇಕಂದ್ರೆ ಒದ್ದೆ ಮಾಡಿ ಕೆರೆಯೋದು, ಬೆಂಕಿ ಹಿಡಿಯೋದಂತೂ ಬೇಡ್ವೇ ಬೇಡ. ಶೀಟು ಆಸ್ಬೆಸ್ಟಾಸ್ ಇರ್ಬಹುದು. ಬ್ರಿಟನ್ ಅದನ್ನ 1999ರಲ್ಲಿ ಪೂರ್ತಿ ನಿಲ್ಲಿಸ್ತು. ಗಟ್ಟಿ ಶೀಟು ಸುಮ್ನಿದ್ರೆ ಅಷ್ಟು ತೊಂದರೆ ಇಲ್ಲ, ಒಡೆದಾಗ, ಡ್ರಿಲ್ ಮಾಡಿದಾಗ ಏಳೋ ಎಳೆ ಶ್ವಾಸಕೋಶ ಸೇರತ್ತೆ, ಕಾಯಿಲೆ ಕಾಣಿಸ್ಕೊಳ್ಳೋದು ಎಷ್ಟೋ ಸಲ ಇಪ್ಪತ್ತು ಮೂವತ್ತು ವರ್ಷ ಆದ್ಮೇಲೆ. ಅದಕ್ಕೆ ತರಬೇತಿ ಇರೋರೇ ಬೇಕು.

ಪ್ರಶ್ನೆ: ನಮ್ಮನೆಯವರು ಕೆಳಗಿನ ಗೋಡೆ ಎಲ್ಲಾ ತೆಗ್ಸಿ ಒಂದೇ ದೊಡ್ಡ ಹಾಲ್ ಮಾಡೋಣ ಅಂತಾರೆ, ಮಾವನವರು ಒಂದು ಗೋಡೇನೂ ಮುಟ್ಟಕೂಡ್ದು ಅಂತಾರೆ. ಮಧ್ಯೆ ನಾನು ಸಿಕ್ಕಾಕೊಂಡಿದೀನಿ. ನೀವೇ ಹೇಳಿ.

ಉತ್ತರ: ನನ್ನನ್ನ ಯಾಕಮ್ಮಾ ನಿಮ್ಮನೆ ಜಗಳಕ್ಕೆ ಎಳೀತೀರಿ! ಈ ಸಲ ನಾನು ಮುಕ್ಕಾಲು ಪಾಲು ಮಾವನವರ ಪಕ್ಷ. ಹಳೇ ಮನೇಲಿ ಒಳಗಿನ ಗೋಡೆಯೂ ಬಹಳ ಸಲ ಮೇಲಿನ ಭಾರ ಹೊತ್ಕೊಂಡಿರತ್ತೆ. ತೆಗೆದ್ರೆ ಉಕ್ಕಿನ ತೊಲೆ ಬೇಕು, ಅಲ್ಲಿಗೆ ಮತ್ತೆ ಉಕ್ಕು ಸಿಮೆಂಟು ಬಂತು. ಅದಲ್ದೆ ಬಾಗ್ಲು ಮುಚ್ಚೋಕೆ ಬರೋ ಚಿಕ್ಕ ಕೋಣೆ ಇದ್ರೆ ಜನ ಕೂತಿರೋ ಒಂದನ್ನೇ ಬೆಚ್ಚಗೋ ತಣ್ಣಗೋ ಇಟ್ಕೊಬಹುದು. ಮೆಟ್ಟಿಲೂ ಸೇರಿ ಒಂದೇ ಹಾಲ್ ಆದ್ರೆ ಚಳೀಲಿ ಬಿಸಿ ಎಲ್ಲಾ ಮಹಡಿ ಹತ್ತಿ ಕೂರತ್ತೆ, ನೀವು ಕೆಳಗೆ ಸ್ವೆಟರ್ ಹಾಕ್ಕೊಂಡು ಕೂರ್ತೀರಿ. ನಿಮ್ಮ ಯಜಮಾನ್ರಿಗೆ ಬೇಕಿರೋದು ಬೆಳಕು ಅನ್ಸತ್ತೆ, ಗೋಡೆ ಇಲ್ದಿರೋದಲ್ಲ. ಇಂಜಿನಿಯರ್ ಒಪ್ಪಿದ ಜಾಗದಲ್ಲಿ ಒಂದು ಬಾಗಿಲಗಲ ತೆಗ್ಸಿ ಗಾಜಿನ ಬಾಗ್ಲು ಹಾಕ್ಸಿ. ಮಾವನವರಿಗೆ ಅದು ಬಾಗ್ಲು, ಮಗನಿಗೆ ಅದು ಕಿಟಕಿ.

ಪ್ರಶ್ನೆ: ಸೋಲಾರ್ ಮೊದ್ಲು ಹಾಕ್ಸಿ ಆಮೇಲೆ ಉಳಿದಿದ್ದು ನೋಡ್ಕೊಳ್ಳೋಣ ಅಂತ ನಮ್ಮ ಪ್ಲಾನು. ಸರಿನಾ?

ಉತ್ತರ: ಉಲ್ಟಾ. ಪ್ಯಾನೆಲ್ 25 ವರ್ಷ ಇರತ್ತೆ, ನಿಮ್ಮ ಮಾಡು ಇರತ್ತಾ? ಐದು ವರ್ಷಕ್ಕೆ ಸೋರಿದ್ರೆ ಎಲ್ಲ ಬಿಚ್ಚಿ ಮತ್ತೆ ಕೂರಿಸ್ಬೇಕು. ಮಾಡು ರಿಪೇರಿ, ಅದರ ಕೆಳಗೆ ಇನ್ಸುಲೇಶನ್, ಆಮೇಲೆ ಎಷ್ಟು ಯೂನಿಟ್ ಬೇಕು ಅಂತ ಲೆಕ್ಕ ಹಾಕಿದ್ರೆ ಪ್ಯಾನೆಲ್ ಕಮ್ಮೀನೇ ಸಾಕಾಗತ್ತೆ. ಇಷ್ಟು ಹೊತ್ತು ಮೆಷಿನ್ ಮೆಷಿನ್ ಅಂತ ಕಾದಿದ್ದೋರಿಗೆ ಇಲ್ಲೇ ಹೇಳ್ತೀನಿ, ಸ್ನಾನದ ನೀರು ನೋಡಿ. 100 ಲೀಟರ್ ನೀರನ್ನ 30 ಡಿಗ್ರಿ ಏರಿಸೋಕೆ ಮೂರೂವರೆ ಯೂನಿಟ್ ಬೇಕು, ಯಾವ ಕಂಪನಿ ಗೀಸರ್ ಆದ್ರೂ ಅಷ್ಟೇ, ಅದು ನೀರಿನ ಗುಣ. ಹೀಟ್ ಪಂಪು ಹೊರಗಿನ ಗಾಳಿಯ ಬಿಸೀನ ಎಳೆದು ತರೋದ್ರಿಂದ ಅದೇ ಕೆಲ್ಸನ ಸುಮಾರು ಮೂರರಲ್ಲೊಂದು ಭಾಗ ಕರೆಂಟಲ್ಲಿ ಮಾಡತ್ತೆ, ಬಿಸಿಲು ಚೆನ್ನಾಗಿದ್ರೆ ಸೋಲಾರ್ ವಾಟರ್ ಹೀಟರ್ ಇನ್ನೂ ಕಮ್ಮಿ. ಪೈಪಿಗೆ ಹೊದಿಕೆ ಹಾಕೋದು ಮರೀಬೇಡಿ.

ಪ್ರಶ್ನೆ: ನಿಮ್ಮ ಮಾತು ಕೇಳಿ ಹೋದ ವರ್ಷ ಅಟ್ಟಕ್ಕೆ ಇನ್ಸುಲೇಶನ್, ಎಲ್ಇಡಿ ಬಲ್ಬು, ಕಿಟಕಿಗೆ ಪಟ್ಟಿ ಎಲ್ಲಾ ಮಾಡ್ಸಿದ್ವಿ. ಬಿಲ್ ಇಳಿದಿದ್ದು ತುಂಬಾ ಕಮ್ಮಿ. ಮೋಸ ಹೋದ್ವಾ?

ಉತ್ತರ: ಬೈಗುಳಕ್ಕೆ ತಯಾರಾಗೇ ಈ ಪತ್ರ ಬಿಚ್ಚಿದೆ. ಎರಡು ಕಾರಣ ಇರ್ಬಹುದು. ಒಂದು, ಮುಂಚೆ ಒಂದೇ ರೂಮಲ್ಲಿ ಹೀಟರ್ ಹಾಕ್ತಿದ್ರಿ, ಈಗ ಮನೆ ಬೇಗ ಬೆಚ್ಚಗಾಗತ್ತೆ ಅಂತ ಎಲ್ಲಾ ರೂಮಲ್ಲೂ ಹಾಕ್ತಿದೀರಿ, ಅಲ್ವಾ? ಕಲ್ಲಿದ್ದಲು ಕಮ್ಮಿ ತಿನ್ನೋ ಎಂಜಿನ್ ಬಂದ್ರೆ ಕಲ್ಲಿದ್ದಲು ಉಳಿಯಲ್ಲ, ಇನ್ನೂ ಜಾಸ್ತಿ ಖರ್ಚಾಗತ್ತೆ ಅಂತ ಜೆವೊನ್ಸ್ ಅನ್ನೋ ಅರ್ಥಶಾಸ್ತ್ರಜ್ಞ 1865ರಲ್ಲೇ ಬರೆದಿದ್ದ. ನಿಮ್ಮನೇಲಿ ಆಗಿದ್ದೂ ಅದೇ ಆದ್ರೆ ಅದು ಮೋಸ ಅಲ್ಲ, ಬೆಚ್ಚಗಿನ ಮನೇಲಿ ಸುಖವಾಗಿದೀರಿ, ದುಡ್ಡಿನ ಬದ್ಲು ಅದು ಬಂತು.

ಇನ್ನೊಂದು ಕಾರಣ, ಯಾವುದೋ ಒಂದು ಸದ್ದಿಲ್ದೆ ಎಳೀತಿದೆ. ಬರೀ 10 ವಾಟ್ ಇಪ್ಪತ್ನಾಲ್ಕು ಗಂಟೆ ಎಳೆದ್ರೂ ವರ್ಷಕ್ಕೆ 88 ಯೂನಿಟ್ ಆಗತ್ತೆ, ಅಂಥದ್ದು ಒಂದು ಮನೇಲಿ ಐದಾರು ಇರತ್ತೆ. ನಂಗೆ ಅನುಮಾನ ಇರೋದು ಹಳೇ ಫ್ರಿಜ್ ಮೇಲೆ, ಹೊಸದು ತಗೊಂಡು ಹಳೇದನ್ನ ಹಿಂದಿನ ರೂಮಲ್ಲಿ ತಣ್ಣೀರಿಗೆ ಅಂತ ಇಟ್ಟಿರ್ತೀರಿ ನೋಡಿ, ಅದು. ರಾತ್ರಿ ಎಲ್ರೂ ಮಲಗಿದ್ಮೇಲೆ ಟಾರ್ಚ್ ಹಿಡ್ಕೊಂಡು ಹೋಗಿ ಮೀಟರ್ ನಂಬರ್ ಬರ್ಕೊಳ್ಳಿ, ಬೆಳಿಗ್ಗೆ ಯಾರೂ ಗೀಸರ್ ಸ್ವಿಚ್ ಮುಟ್ಟೋ ಮುಂಚೆ ಇನ್ನೊಂದ್ಸಲ ಬರ್ಕೊಳ್ಳಿ. ಒಂದು ವಾರ ಹಾಗೆ ಮಾಡಿ, ಒಂದು ರಾತ್ರಿ ಮಾತ್ರ ಆ ಹಳೇ ಫ್ರಿಜ್ ಪ್ಲಗ್ ಕಿತ್ತಿಡಿ, ಯಾವ ರಾತ್ರಿ ಅಂತ ಪಕ್ಕದಲ್ಲಿ ಗುರುತು ಹಾಕಿ ಆ ಹಾಳೇನ ನಂಗೆ ಕಳ್ಸಿ. ಉಳಿದಿದ್ದು ಮುಂದಿನ ಸಂಚಿಕೇಲಿ ನೋಡೋಣ.